ಇಟಲಿಯ ಹಮ್ಜೀನಿಯನ್ನು ಕೊಡಿಗೇಹಳ್ಳಿಯವನೆಂದು ಪರಿಗಣಿಸುವ ಬಗ್ಗೆ

ಇಂದ:
ಕೆ. ರತ್ನಮ್ಮ (ಊರವರ ಬಾಯಲ್ಲಿ ರತ್ನಕ್ಕ),
ನಿವೃತ್ತ ಪ್ರಥಮ ದರ್ಜೆ ಸಹಾಯಕಿ,
ಶಾಲೆ ಮೈದಾನದ ಗೋಲ್‌ಗಂಬದ ಹಿಂದಿನ ಮನೆ,
ಕೊಡಿಗೇಹಳ್ಳಿ, ಬೆಂಗಳೂರು.

ಗೆ:
ಶ್ರೀ ನಾಗಭೂಷಣ ಅವರು,
ಕಾರ್ಯದರ್ಶಿಗಳು,
ಉತ್ತರ ಬಡಾವಣೆಗಳ ಫುಟ್‌ಬಾಲ್ ಲೀಗ್, ಬಿ ಡಿವಿಷನ್,
ಯಶವಂತಪುರ.

ವಿಷಯ: ಮಾರಮ್ಮ ಫ್ರೆಂಡ್ಸ್ ಕ್ಲಬ್ಬಿನ ಆಟಗಾರ ಹಮ್ಜಾನ ಹೆಸರನ್ನು ವಿದೇಶಿ ಆಟಗಾರರ ಪಟ್ಟಿಯಿಂದ ತೆಗೆದು, ಸ್ಥಳೀಯರ ಪಟ್ಟಿಗೆ ಸೇರಿಸಿ, ಬರುವ ಭಾನುವಾರ ಯಲಹಂಕದ ವಿರುದ್ಧ ಆಡಲು ಬಿಡುವಂತೆ ಕೋರಿ.

ಉಲ್ಲೇಖ:
೧. "ಸದರಿ ಆಟಗಾರನು ಪಾಸ್‌ಪೋರ್ಟ್ ಹಾಗೂ ಇಟಲಿಯ ತನ್ನ ಹಿಂದಿನ ಕ್ಲಬ್ಬಿನಿಂದ ನಿರಾಕ್ಷೇಪಣಾ ಪತ್ರ ಹಾಜರುಪಡಿಸತಕ್ಕದ್ದು" ಎಂಬ ತಮ್ಮ ಕಚೇರಿಯ ಪತ್ರ.
೨. ಕಳೆದ ರಾಜ್ಯೋತ್ಸವಕ್ಕೆ ಕೊಡಿಗೇಹಳ್ಳಿ ಗೇಟಿನ ಬಳಿ ಕಟ್ಟಿದ್ದ ಫ್ಲೆಕ್ಸ್.
೩. ಉಲ್ಲೇಖ ಒಂದನ್ನು ಓದಿದ ಮೇಲೆ ಅರ್ಜಿದಾರಳಿಗೆ ಏರಿದ ಬಿ.ಪಿ.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ಅರ್ಜಿದಾರಳು ತಮ್ಮ ಗಮನಕ್ಕೆ ತರಬಯಸುವುದೇನೆಂದರೆ, ಹಮ್ಜಾ ಇಟಲಿಯವನಲ್ಲ. ಇಟಲಿ ಎಲ್ಲಿದೆ ಎಂದು ಕೇಳಿದರೆ ಏರ್‌ಪೋರ್ಟ್ ದಾಟಿದ ಮೇಲೆ ಎನ್ನುವಷ್ಟೇ ಅವನಿಗೆ ಗೊತ್ತು. ಉಳಿದ ಸಂಗತಿಗಳು ಈ ಕೆಳಗಿನಂತಿವೆ.

೧. ಸದರಿ ಹಮ್ಜಾ ಹುಟ್ಟಿದ್ದು ಕಾಬೂಲಿನಲ್ಲಿ. ಇದನ್ನು ಯಾರೂ ಮುಚ್ಚಿಟ್ಟಿಲ್ಲ. ಇವನ ಅಪ್ಪ ಓದಲೆಂದು ಬೆಂಗಳೂರಿಗೆ ಬಂದವರು. ಆಮೇಲೆ ಹೆಂಡತಿ ಅತೀಯಾ ಮತ್ತು ಕಂಕುಳ ಕೂಸಾಗಿದ್ದ ಇವನನ್ನು ಕರೆಸಿಕೊಂಡರು. ಕಾಬೂಲಿನಲ್ಲಿ ಗಲಾಟೆ ಜಾಸ್ತಿಯಾದಾಗ, ಅಲ್ಲಿರುವ ನನ್ನ ಅಮ್ಮನನ್ನೂ ಕರೆದುಕೊಂಡು ಬಂದುಬಿಡುತ್ತೇನೆ ಎಂದು ಹೊರಟ ಮನುಷ್ಯ ವಾಪಸ್ ಬರಲಿಲ್ಲ. ಕಾಗದವಿಲ್ಲ, ಫೋನಿಲ್ಲ. ಅಂದಿನಿಂದ ತಾಯಿ ಮಗ ಇಬ್ಬರೂ ನಿರಾಶ್ರಿತರ ಕಾರ್ಡಿನ ಮೇಲೆ ಅರ್ಜಿದಾರಳ ಮನೆಯ ಹಿಂದಿನ ವಠಾರದಲ್ಲೇ ಇದ್ದಾರೆ. ಅತೀಯಾ ಗಂಗಾನಗರದ ಬದರುನ್ನೀಸಾ ಅವರ ಟೈಲರ್ ಅಂಗಡಿಗೆ ಕಾಜಾ ಹಾಕಲು ಸೇರಿ, ಹೊಲಿಗೆಯನ್ನೂ ದಖನಿ ಉರ್ದುವನ್ನೂ ಒಟ್ಟಿಗೇ ಕಲಿತು, ಈಗ ಆ ಅಂಗಡಿಯನ್ನು ತಾನೇ ನೋಡಿಕೊಳ್ಳುತ್ತಿದ್ದಾಳೆ. ಗಟ್ಟಿಗಿತ್ತಿ. ಅವಳು ಅತ್ತಿದ್ದನ್ನು ಅರ್ಜಿದಾರಳು ನೋಡಿಲ್ಲ, ಗೋಡೆಯಾಚೆಯಿಂದ ಕೇಳಿದ್ದಾಳೆ.

೨. ಅರ್ಜಿದಾರಳ ಅಡುಗೆಮನೆ ಕಿಟಕಿ ಗೋಲ್‌ಗಂಬದ ನೇರಕ್ಕಿದೆ. ಕಂಬ ಮೊದಲು ಬಂತೋ ಕಿಟಕಿ ಮೊದಲು ಬಂತೋ ಎಂಬ ವಿವಾದ ಕ್ಲಬ್ಬಿನ ಅಧ್ಯಕ್ಷ ಮುನಿಯಣ್ಣನ ಜೊತೆ ಇನ್ನೂ ಇತ್ಯರ್ಥವಾಗಿಲ್ಲವಾದ ಕಾರಣ ಅದನ್ನು ಇಲ್ಲಿ ಎತ್ತುವುದಿಲ್ಲ. ಹಮ್ಜಾ ಎರಡನೇ ಕ್ಲಾಸಿನಲ್ಲಿದ್ದಾಗ ಎಡಗಾಲಲ್ಲಿ ಒದ್ದ ಚೆಂಡು ಗಾಜು ಒಡೆದುಕೊಂಡು ಬಂದು, ಕುದಿಯುತ್ತಿದ್ದ ಹುರುಳಿ ಸಾರಿಗೆ ಬಿತ್ತು. ಅರ್ಜಿದಾರಳು ಚೆಂಡನ್ನು ತೊಳೆದು ಅಟ್ಟಕ್ಕೆ ಎಸೆದಳು. ಸ್ವಲ್ಪ ಹೊತ್ತಿಗೆ ಬಾಗಿಲಲ್ಲಿ ಬೂದುಗಣ್ಣಿನ ಹುಡುಗ.

"ಆಂಟಿ, ಬಾಲ್."

"ಹಂಗೆಲ್ಲ ಬಾಯಲ್ಲಿ ಕೇಳಿದ್ರೆ ಕೊಡಕ್ಕಾಗಲ್ಲ. ಬರವಣಿಗೇಲಿ ಕೇಳು."

"ಹಂಗಂದ್ರೆ?"

"ಹಂಗಂದ್ರೆ ಅರ್ಜಿ. ಕೂತ್ಕೋ, ಹೇಳ್ಕೊಡ್ತೀನಿ."

ಆಗಿನ್ನೂ ಅರ್ಜಿದಾರಳು ಸೇವೆಯಲ್ಲಿದ್ದಳು. ತಾಲ್ಲೂಕು ಕಚೇರಿಯ ಅಭ್ಯಾಸ ಮನೆಯವರೆಗೂ ಬರುತ್ತಿತ್ತು. ಹುಡುಗ ಮೆಟ್ಟಿಲ ಮೇಲೆ ಕೂತು, ನಾಲಗೆ ಹೊರಗೆ ಚಾಚಿಕೊಂಡು, "ಇಂದ" ಎಂದು ಬರೆದು ತಲೆ ಎತ್ತಿದ. ಇಲ್ಲಿ ಏನ್ ಬರೀಲಿ ಎಂದ. ನೀನು ಯಾವೂರೋನೋ ಅದನ್ನ ಬರಿ ಎಂದಳು. ಅವನು ಪೆನ್ಸಿಲ್ ಕಚ್ಚಿಕೊಂಡು ಮೈದಾನವನ್ನೊಮ್ಮೆ ನೋಡಿ "ಹಮ್ಜಾ, ಕೊಡಿಗೇಹಳ್ಳಿ" ಎಂದು ಬರೆದ. ಕೊಡಿಗೇಹಳ್ಳಿಯ ಹಳ್ಳಿಗೆ ಒತ್ತು ತಪ್ಪಿತ್ತು. ಅರ್ಜಿದಾರಳು ಒತ್ತು ತಿದ್ದಿ, ಕೆಳಗೆ "ಮಂಜೂರು" ಎಂದು ಸಹಿ ಹಾಕಿ ಚೆಂಡು ಕೊಟ್ಟಳು.

ಆಮೇಲೆ ಯಾರು ಒದ್ದ ಚೆಂಡು ಬಿದ್ದರೂ ಹುಡುಗರು ಇವನನ್ನೇ ಮುಂದೆ ತಳ್ಳತೊಡಗಿದರು. "ಮಗಾ, ನೀನ್ ಹೋಗು, ನಿಂಗೆ ಸದರಿ-ಗಿದರಿ ಎಲ್ಲಾ ಬರುತ್ತೆ." ಕನ್ನಡ ಮೇಷ್ಟ್ರು ಒಮ್ಮೆ ಮನೆಗೇ ಬಂದು, ಈ ಹುಡುಗ ಆಕಳಿನ ಬಗ್ಗೆ ಪ್ರಬಂಧ ಬರೆ ಅಂದ್ರೆ "ಸದರಿ ಆಕಳು" ಅಂತ ಬರೀತಾನಲ್ಲ ಅಕ್ಕಾ, ಎಲ್ಲಿಂದ ಕಲಿತ ಎಂದು ವಿಚಾರಿಸಿದರು. ಅರ್ಜಿದಾರಳು ಕಾಫಿ ಕೊಟ್ಟು ಕಳಿಸಿದಳು.

೩. ವೃತ್ತಿ ವಿವರ. ಹಮ್ಜಾ ಕಳೆದ ಹತ್ತು ಹನ್ನೊಂದು ವರ್ಷಗಳಿಂದ ಫುಟ್‌ಬಾಲಿನಿಂದಲೇ ಹೊಟ್ಟೆ ಹೊರೆಯುತ್ತಿದ್ದಾನೆ. ಬೆಳಿಗ್ಗೆ ಸಹಕಾರನಗರದ ಮಕ್ಕಳಿಗೆ ಕೋಚಿಂಗ್, ಸಂಜೆ ಪ್ರ್ಯಾಕ್ಟೀಸು, ಭಾನುವಾರ ಮ್ಯಾಚು. ಹತ್ತೊಂಬತ್ತನೇ ವಯಸ್ಸಿನಲ್ಲಿ ಸಿಟಿಯ ದೊಡ್ಡ ಕ್ಲಬ್ಬೊಂದರವರು ಇವನ ಎಡಗಾಲು ನೋಡಿ ಹುಚ್ಚಾಗಿ ಕರೆದುಕೊಂಡು ಹೋದರು. ಬಟ್ಟೆ ಕೊಟ್ಟರು, ಬ್ಯಾಗು ಕೊಟ್ಟರು, ಮೊಟ್ಟೆ ಹಾಲು ಕೊಟ್ಟರು. ಟೀಮು ದುಬೈಗೆ ಹೊರಟಾಗ ಪಾಸ್‌ಪೋರ್ಟ್ ಕೇಳಿದರು. ಇವನು ನಿರಾಶ್ರಿತರ ಕಾರ್ಡು ತೋರಿಸಿದ. ಅವರು ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಪಾಪ, ಒಳ್ಳೆಯ ಮಾತಲ್ಲೇ ಹೇಳಿ ಕಳಿಸಿದರು. ಹೆಬ್ಬಾಳದಲ್ಲಿ ಬಸ್ಸಿಳಿದು ನಡೆದುಕೊಂಡು ಬಂದ. ಆ ಬ್ಯಾಗಿನಲ್ಲಿ ಅತೀಯಾ ಈಗ ತರಕಾರಿ ತರುತ್ತಾಳೆ. ಮಾರನೆಯ ದಿನ ಸಂಜೆ ಇವನು ಮೈದಾನದಲ್ಲಿ ಹಾಜರು. ಅಂದೇ ಒಂದು ಗಾಜು ಹೋಯಿತು. ಅರ್ಜಿದಾರಳು ಅಂದು ಅರ್ಜಿ ಕೇಳದೆ ಚೆಂಡು ಕೊಟ್ಟಳು.

ಅಲ್ಲಿಂದೀಚೆಗೆ ಮಾರಮ್ಮ ಫ್ರೆಂಡ್ಸ್ ಬಿಟ್ಟು ಇವನು ಬೇರೆಡೆ ಹೋಗಿಲ್ಲ. ಶಾಲೆಯ ಟಿ.ಸಿ. ನೋಡಿ ತಮ್ಮ ಕಚೇರಿಯೇ ಪ್ರತಿ ವರ್ಷ ಸ್ಥಳೀಯ ಎಂದು ನೋಂದಾಯಿಸುತ್ತಾ ಬಂದಿದೆ. ಈಗ ಮಳೆ ಬರುವ ವಿಷಯ ಇವನ ಮೊಣಕಾಲಿಗೆ ಮೊದಲು ಗೊತ್ತಾಗುತ್ತದೆ. ಇನ್ನು ಒಂದೋ ಎರಡೋ ಸೀಸನ್ ಅಷ್ಟೇ. ಎ ಡಿವಿಷನ್ನಿನಲ್ಲಿ ಒಂದೇ ಒಂದು ಮ್ಯಾಚು ಆಡಬೇಕು ಎನ್ನುವುದು ಇವನ ಆಸೆ.

೪. ಇನ್ನು ಇಟಲಿಯ ವಿಚಾರ. ನಮ್ಮ ಮುನಿಯಣ್ಣನಿಗೆ ಫ್ಲೆಕ್ಸ್ ಎಂದರೆ ಪ್ರಾಣ. ಮೊಮ್ಮಗಳಿಗೆ ಕಿವಿ ಚುಚ್ಚಿಸಿದರೂ ಫ್ಲೆಕ್ಸ್, ಬೋರ್‌ವೆಲ್ಲಿಗೆ ಮೋಟರ್ ಇಳಿಸಿದರೂ ಫ್ಲೆಕ್ಸ್. ಕಳೆದ ರಾಜ್ಯೋತ್ಸವ ಕಪ್ಪಿಗೆ ಜನ ಸೇರಿಸಲು ಹತ್ತಡಿ ಉದ್ದದ್ದು ಕಟ್ಟಿಸಿದ: "ಇಟಲಿಯ ಹುಲಿ, ಅಂತಾರಾಷ್ಟ್ರೀಯ ಖ್ಯಾತಿಯ ಹಮ್ಜೀನಿ ಅವರಿಗೆ ಕೊಡಿಗೇಹಳ್ಳಿಗೆ ಹಾರ್ದಿಕ ಸ್ವಾಗತ." ಮುನಿಯಣ್ಣನ ಮುಖ ಕುಂಬಳಕಾಯಿಯಷ್ಟು, ಶುಭ ಕೋರುವವರ ಮುಖಗಳು ತೆಂಗಿನಕಾಯಿಯಷ್ಟು, ಹಮ್ಜಾನದು ಮೂಲೆಯಲ್ಲಿ ನಿಂಬೆಹಣ್ಣಿನಷ್ಟು.

ಅರ್ಜಿದಾರಳು ಗೇಟಿನ ಹತ್ತಿರವೇ ನಿಲ್ಲಿಸಿ ತರಾಟೆಗೆ ತೆಗೆದುಕೊಂಡಳು. "ಏನ್ರೀ ಮುನಿಯಣ್ಣ, ದಿನಾ ನಮ್ಮನೆ ಹಿಂದೆ ಹಲ್ಲುಜ್ಜೋ ಹುಡುಗನ್ನ ಇಟಲಿಯೋನು ಮಾಡಿದ್ದೀರಲ್ಲ?"

"ಸುಮ್ಕಿರಕ್ಕ. ಇಟಲಿ ಅಂದ್ರೆ ಎದ್ರು ಟೀಮ್‌ಗೆ ಅಂಗೇ ನಡುಕ ಉಟ್ಕೋತದೆ. ಒಂದಿನದ್ ಯವಾರ, ಯಾರ್ ನೋಡ್ತಾರೆ?"

"ಇಟಲೀನೇ ಯಾಕೆ?"

"ಬ್ರೆಜಿಲ್ ಅಂದ್ರೆ ನಂಬಾಕಿಲ್ಲ."

ಹಮ್ಜಾನಿಗೆ ಮ್ಯಾಚು ಮುಗಿಯುವ ತನಕ ಬಾಯಿ ಬಿಡಕೂಡದೆಂದು ತಾಕೀತು ಮಾಡಲಾಗಿತ್ತು. ಆದರೆ ತಾವೇ ಮುಖ್ಯ ಅತಿಥಿಗಳಾಗಿ ಬಂದು, ಸ್ವಹಸ್ತದಿಂದ ಮೈಸೂರು ಪೇಟ ತೊಡಿಸಿ, ಹಾರ ಹಾಕಿ, "ವೆಲ್‌ಕಮ್ ಟು ಇಂಡಿಯಾ" ಎಂದಾಗ, ದೊಡ್ಡವರು ಮಾತಾಡಿಸಿದರೆ ಉತ್ತರ ಕೊಡಬೇಕು ಎಂದು ಕಲಿತ ಹುಡುಗ "ನಮಸ್ಕಾರ ಸಾರ್, ಊಟ ಆಯ್ತಾ?" ಎಂದುಬಿಟ್ಟ. ತಾವು ಮೈಕ್ ಹಿಡಿದು, "ಬೆಳಿಗ್ಗೆ ವಿಮಾನ ಇಳಿದವರು ಮಧ್ಯಾಹ್ನಕ್ಕೆ ಕನ್ನಡ ಮಾತಾಡುತ್ತಿದ್ದಾರೆ! ಇದನ್ನು ನೋಡಿ ನಾವು ಕಲಿಯಬೇಕು" ಎಂದು ಕಣ್ಣೊರೆಸಿಕೊಂಡಿರಿ. ಇಡೀ ಕೊಡಿಗೇಹಳ್ಳಿ ಚಪ್ಪಾಳೆ ಹೊಡೆಯಿತು. ಮ್ಯಾಚು ಶುರುವಾಗಿ ಸ್ವಲ್ಪ ಹೊತ್ತಿಗೆಲ್ಲ ಇವನು, "ಲೋ ಗಿರಿ, ಕಣ್ ಕಾಣ್ಸಲ್ವೇನೋ, ಇಲ್ ನಿಂತಿದ್ದೀನಿ ಪಾಸ್ ಕೊಡೋ!" ಎಂದು ಕೂಗಿದ್ದು ಬಹುಶಃ ತಮಗೆ ಕೇಳಿಸಿರಲಿಕ್ಕಿಲ್ಲ. ತಾವು ಬೋಂಡಾ ತಿನ್ನುತ್ತಿದ್ದಿರಿ.

೫. ಈ ಕಾರಣದಿಂದ, ಈ ವರ್ಷ ನೋಂದಣಿಗೆ ಹೋದಾಗ ತಾವು ಇವನನ್ನು ಗುರುತು ಹಿಡಿದು, ವಿದೇಶಿ ಎಂದು ಬರೆಸಿದಿರಿ. ಮುನಿಯಣ್ಣ ಬೆವರು ಒರೆಸಿಕೊಂಡು ಬಂದು ನಿಜ ಹೇಳಿದರೂ, "ನಾನೇ ಪೇಟ ತೊಡಿಸಿದ್ದೀನಿ ಕಣ್ರೀ, ನನಗೆ ಗೊತ್ತಿಲ್ವಾ? ಫೋಟೋ ಪೇಪರಲ್ಲಿ ಬಂದಿದೆ" ಎಂದಿರಿ. ಪಾಸ್‌ಪೋರ್ಟ್ ಇಲ್ಲದ ವಿದೇಶಿ ಆಡುವ ಹಾಗಿಲ್ಲ. ಆದ್ದರಿಂದ ಇಡೀ ಸೀಸನ್ ಹಮ್ಜಾ ಹಗ್ಗದಾಚೆ ನಿಂತು ನೀರಿನ ಬಾಟಲಿ ಕೊಡುತ್ತಿದ್ದಾನೆ.

ಇದನ್ನೂ ಅರ್ಜಿದಾರಳು ಸಹಿಸಿಕೊಂಡಿದ್ದಳು. ಆದರೆ ಹೋದ ವಾರ ಹಮ್ಜಾ ಇನ್ನೊಮ್ಮೆ ಕೇಳಿ ನೋಡೋಣವೆಂದು ತಮ್ಮ ಕಚೇರಿಗೆ ಬಂದಿದ್ದ. ತಮ್ಮ ಗುಮಾಸ್ತರು ಸ್ವಂತ ಊರು ಯಾವುದೆಂದು ಕೇಳಿದರು. ಕೊಡಿಗೇಹಳ್ಳಿ ಎಂದ. ಅಲ್ಲಿದ್ದವರೆಲ್ಲ ನಕ್ಕರು. "ಗುರು, ಇಟಲಿಲಿ ಯಾವ ಕಡೆ ಬರುತ್ತೆ ಕೊಡಿಗೇಹಳ್ಳಿ?" ಎಂದು ಒಬ್ಬರು ಕೇಳಿದರು. ಇವನೂ ಅವರ ಜೊತೆ ನಕ್ಕು ಬಂದನಂತೆ. ಸಂಜೆ ನಮ್ಮ ಮನೆ ಮೆಟ್ಟಿಲ ಮೇಲೆ ಕೂತು, ಶೂ ದಾರ ಬಿಚ್ಚುತ್ತಾ ಕಟ್ಟುತ್ತಾ ಕೇಳಿದ:

"ಅಕ್ಕಾ, ನಗೋ ಅಂಥದ್ದು ನಾನೇನ್ ಹೇಳ್ದೆ?"

ನನಗೆ ಮೈಯೆಲ್ಲಾ ಉರಿದುಹೋಯಿತು ಸ್ವಾಮಿ. ಎಂಥಾ ಜನರೀ ನೀವು! ಆ ಮೆಟ್ಟಿಲ ಮೇಲೆ ಕೂತು ಆ ಮಗು ಮೊಟ್ಟಮೊದಲು ಬರೆದದ್ದೇ ಆ ಊರಿನ ಹೆಸರು. ನಾನು ಒತ್ತು ತಿದ್ದಿದೆ, ನಗಲಿಲ್ಲ. (ಈ ಪ್ಯಾರಾದಲ್ಲಿ "ನನಗೆ", "ನಾನು" ಎಂದಿರುವಲ್ಲಿ ಅರ್ಜಿದಾರಳು ಎಂದು ಓದಿಕೊಳ್ಳುವುದು. "ಎಂಥಾ ಜನರೀ ನೀವು" ಎಂಬುದನ್ನು ಹಾಗೆಯೇ ಓದಿಕೊಳ್ಳುವುದು.)

೬. ಇದರಿಂದ ಅರ್ಜಿದಾರಳಿಗೆ ಆಗಿರುವ ತೊಂದರೆ: ಈ ಸೀಸನ್ನಿನಲ್ಲಿ ಅಡುಗೆಮನೆ ಕಿಟಕಿಗೆ ಒಂದು ಚೆಂಡೂ ಬಿದ್ದಿಲ್ಲ. ಇವನ ಜಾಗದಲ್ಲಿ ಆಡುತ್ತಿರುವ ಗಿರಿಯ ಹೊಡೆತ ಕಾಂಪೌಂಡಿನವರೆಗೂ ಬರುವುದಿಲ್ಲ. ಹೆದರುತ್ತಾ ಹೆದರುತ್ತಾ ಕಿಟಕಿಯಲ್ಲಿ ಮಾವಿನಕಾಯಿ ಉಪ್ಪಿನಕಾಯಿಯ ಭರಣಿ ಇಟ್ಟಳು. ಅದು ಅಲ್ಲೇ ಇದೆ. ಭಾನುವಾರ ಸಂಜೆ ಒಗ್ಗರಣೆ ಹಾಕುವಾಗ ಕೈ ಸುಮ್ಮನೆ ನಿಂತುಬಿಡುತ್ತದೆ. ಯಾವ ಸದ್ದೂ ಇಲ್ಲ. ಅದು ಅರ್ಜಿದಾರಳಿಗೆ ಸರಿಹೋಗುತ್ತಿಲ್ಲ.

೭. ಕಾನೂನಿನ ಅಂಶ. ತಮ್ಮ ಲೀಗಿನ ನಿಯಮಾವಳಿಯಲ್ಲಿ ಸ್ಥಳೀಯ ಎಂದರೆ "ಐದು ವರ್ಷಕ್ಕೆ ಮೇಲ್ಪಟ್ಟು ಲೀಗಿನ ವ್ಯಾಪ್ತಿಯ ಬಡಾವಣೆಗಳಲ್ಲಿ ವಾಸವಿರುವವನು" ಎಂದಷ್ಟೇ ಇದೆ. ಎಲ್ಲಿ ಹುಟ್ಟಿದ ಎಂದು ಅದು ಕೇಳುವುದಿಲ್ಲ. ವಾಸಕ್ಕೆ ಸಾಕ್ಷಿ ಬೇಕೆಂದರೆ ಅರ್ಜಿದಾರಳಿದ್ದಾಳೆ. ಇವನ ಜೊತೆ ಇಪ್ಪತ್ತಕ್ಕೂ ಹೆಚ್ಚು ವರ್ಷ ಜಗಳವಾಡಿದ್ದಾಳೆ. ಹೊರಗಿನವರ ಹತ್ತಿರ ಯಾರೂ ಅಷ್ಟು ವರ್ಷ ಜಗಳವಾಡುವುದಿಲ್ಲ. ಅರ್ಜಿದಾರಳು ದೇಶದ ಪೌರತ್ವ ಕೇಳುತ್ತಿಲ್ಲ; ಅದು ತಮ್ಮ ಕೈಯಲ್ಲೂ ಇಲ್ಲ, ಮುನಿಯಣ್ಣನ ಕೈಯಲ್ಲೂ ಇಲ್ಲ. ಕೇಳುತ್ತಿರುವುದು ಸುಣ್ಣದ ಗೆರೆಯ ಒಳಗಿನ ಜಾಗ, ಅದೂ ಒಂದೂವರೆ ಗಂಟೆಯ ಮಟ್ಟಿಗೆ.

೮. ತಾವು ಪೇಟ ತೊಡಿಸಿದ ಮೇಲೆ ಹಿಂದೆ ಸರಿದರೆ ಮರ್ಯಾದೆ ಪ್ರಶ್ನೆ ಬರುತ್ತದೆ ಎಂಬುದು ಅರ್ಜಿದಾರಳಿಗೆ ಅರ್ಥವಾಗುತ್ತದೆ. ಅವಳೂ ಕಚೇರಿಯಲ್ಲಿ ಕೂದಲು ಬೆಳ್ಳಗೆ ಮಾಡಿಕೊಂಡವಳೇ. ಆದ್ದರಿಂದ ಒಂದು ದಾರಿ ಸೂಚಿಸುತ್ತಾಳೆ: ರಾಜ್ಯೋತ್ಸವಕ್ಕೆ ಬಂದಿದ್ದ ಹಮ್ಜೀನಿ ಎಂಬ ವಿದೇಶಿ ಆಟಗಾರ ಇಟಲಿಗೆ ವಾಪಸ್ ಹೋದನೆಂದು ಕಡತ ಮುಚ್ಚಿಬಿಡಿ. ಹಮ್ಜಾ ಎಂಬ ಬೇರೆ ಹುಡುಗ ಕೊಡಿಗೇಹಳ್ಳಿಯಲ್ಲಿದ್ದಾನೆ. ಇಬ್ಬರೂ ನೋಡಲು ಸ್ವಲ್ಪ ಒಂದೇ ಥರ ಇದ್ದಾರೆ, ಅಷ್ಟೇ.

ಆದ್ದರಿಂದ, ಮೇಲ್ಕಂಡ ಎಲ್ಲ ಕಾರಣಗಳಿಂದ, ಭಾನುವಾರದ ಮ್ಯಾಚು ಗೆದ್ದರೆ ಮಾತ್ರ ಮಾರಮ್ಮ ಫ್ರೆಂಡ್ಸ್ ಎ ಡಿವಿಷನ್ನಿಗೆ ಹೋಗುವ ಕಾರಣ, ಗಿರಿಯ ಕಾಲನ್ನು ನಂಬಿ ಕೂರುವ ಹಾಗಿಲ್ಲದ ಕಾರಣ, ಸದರಿ ಹಮ್ಜಾನಿಗೆ ಆಡಲು ಅನುಮತಿ ನೀಡಬೇಕಾಗಿ ಕೋರಿಕೆ. ಅರ್ಜಿದಾರಳ ಮೆಟ್ಟಿಲ ಮೇಲೆ ಇವನು ಬರೆದ ಯಾವ ಅರ್ಜಿಯೂ ಇದುವರೆಗೆ ತಿರಸ್ಕೃತವಾಗಿಲ್ಲ. ಆ ಪದ್ಧತಿಯನ್ನು ತಾವೂ ಮುಂದುವರಿಸಬೇಕೆಂದು ವಿನಂತಿ.

ಇಂತಿ, ಬಿ.ಪಿ. ಮಾತ್ರೆ ನುಂಗಿಯೇ ಸಹಿ ಮಾಡಿರುವ ತಮ್ಮ ವಿಶ್ವಾಸಿ,

ಕೆ. ರತ್ನಮ್ಮ

ಲಗತ್ತುಗಳು:
೧. ಶಾಲೆಯ ಟಿ.ಸಿ. ನಕಲು.
೨. ನಿರಾಶ್ರಿತರ ಕಾರ್ಡಿನ ನಕಲು, ಹಿಂದೆ ಮುಂದೆ ಎರಡೂ ಕಡೆ.
೩. ಇವನು ಎರಡನೇ ಕ್ಲಾಸಿನಲ್ಲಿ ಬರೆದ ಚೆಂಡಿನ ಅರ್ಜಿ. ಅಸಲು. ನೋಡಿ ಕಡ್ಡಾಯವಾಗಿ ಹಿಂದಿರುಗಿಸುವುದು.
೪. ಉಲ್ಲೇಖ ಎರಡರ ಫ್ಲೆಕ್ಸ್. ಹಪ್ಪಳ ಒಣಗಿಸಲು ಉಪಯೋಗಿಸಿರುವುದರಿಂದ ಮುನಿಯಣ್ಣನ ಮುಖದ ಮೇಲೆ ಎಣ್ಣೆ ಕಲೆ ಇದೆ. ಇದನ್ನು ಹಿಂದಿರುಗಿಸುವ ಅಗತ್ಯವಿಲ್ಲ.

ವಿಶೇಷ ಸೂಚನೆ: ಮಂಜೂರಾದಲ್ಲಿ ದಯವಿಟ್ಟು ಶನಿವಾರ ಸಂಜೆಯೊಳಗೇ ತಿಳಿಸುವುದು. ಕಿಟಕಿಯಿಂದ ಉಪ್ಪಿನಕಾಯಿ ಭರಣಿ ತೆಗೆದಿಡಬೇಕು.