ಬಿಳಿ ಕೋಟು ತೊಟ್ಟು ಗುಳಗಿ ಕೊಟ್ಟ ದಿನಗಳು

ಔಷಧಿ ಅಂಗಡಿಯ ಕೌಂಟರಿನ ಹಿಂದೆ ನಿಂತವರು ನಗುವುದಕ್ಕೆ ಬೇರೆ ಕಡೆ ಹೋಗಬೇಕಾಗಿಲ್ಲ. ನಗು ತಾನಾಗಿಯೇ ಚೀಟಿ ಹಿಡಿದುಕೊಂಡು ಬರುತ್ತದೆ. ಡಿ.ಫಾರ್ಮ್ ಮುಗಿಸಿ ನಾನು ಮಿರಜಿನ ಒಂದು ಅಂಗಡಿ ಸೇರಿದಾಗ ಊರಲ್ಲಿ ಓಣಿಗೊಂದು ಹೊಸ ಆಸ್ಪತ್ರೆ, ಆಸ್ಪತ್ರೆಗೆರಡು ಮೆಡಿಕಲ್, ಮೂಲೆಗೊಂದು ಎಸ್‌ಟಿಡಿ ಬೂತು ಏಳುತ್ತಿದ್ದವು. ಕಾಲೇಜಿನ ನಿಯಮಗಳೆಲ್ಲ ನನಗೆ ಬಾಯಿಪಾಠ. ಗಿರಾಕಿಗಳಿಗೆ ಮಾತ್ರ ಅವನ್ನು ಯಾರೂ ಕಲಿಸಿರಲಿಲ್ಲ. ಈಗ ಫಾರ್ಮಸಿ ಮಕ್ಕಳಿಗೆ ಪಾಠ ಮಾಡುವಾಗ ನಿಯಮದ ನಂಬರು ಮರೆತರೂ ಈ ಜನರನ್ನು ಮರೆಯುವುದಿಲ್ಲ.

ದಿನಕ್ಕೆ ಮೂರು ಸಲ

ಗುಳಗಿ ಹೇಗೆ ತಗೋಬೇಕೆಂದು ಹೇಳಿ, ಗಿರಾಕಿಯ ಬಾಯಿಂದ ಅದನ್ನೇ ತಿರುಗಿ ಹೇಳಿಸಬೇಕು. ಇದು ಮೊದಲ ಪಾಠ. ಸಲಗರೆಯಿಂದ ಬಂದ ಒಬ್ಬ ಕಾಕಾಗೆ ಹೇಳಿದೆ: "ದಿನಕ್ಕ ಮೂರು ಸಲ ರೀ ಕಾಕಾ. ರಾತ್ರಿದು ಊಟ ಆದಮ್ಯಾಲ."

"ರಾತ್ರಿ ಊಟ ಎಲ್ಲೀದವ್ವಾ? ನಾವು ಜೈನರು. ಹೊತ್ತು ಮುಳುಗಿದಮ್ಯಾಲ ಏನೂ ಮುಟ್ಟೂದಿಲ್ಲ."

"ಎಂಟ ಎಂಟ ತಾಸಿಗೊಮ್ಮೆ ತಗೋಬೇಕ್ರಿ."

ಕಾಕಾ ಬೆರಳು ಮಡಚಿ ಎಣಿಸಿದರು. "ಮುಂಜಾನೆ ಎಂಟು, ಸಂಜಿ ನಾಕು, ಮುಂದ ನಡುರಾತ್ರಿ. ಇದೇನ ಗುಳಗಿಯೋ, ಸಕ್ರಿ ಕಾರ್ಖಾನಿ ಪಾಳಿಯೋ?"

ನಾನು ಡಾಕ್ಟರಿಗೆ ಫೋನು ಮಾಡಿದೆ. ಅವರು ದಿನಕ್ಕೊಂದೇ ಸಲ ನುಂಗುವ ಬೇರೆ ಗುಳಗಿ ಹೇಳಿ, ಚೀಟಿಯನ್ನೂ ಬದಲಾಯಿಸಿ ಕಳಿಸಿದರು. ಕಾಕಾ ಖುಷಿಯಿಂದ ಮೆಟ್ಟಿಲು ಇಳಿದವರು ಮತ್ತೆ ತಿರುಗಿ ಬಂದರು.

"ಒಂದ ಪಾಳಿ ಗುಳಗಿ ಇರೂವಾಗ, ಡಾಕ್ಟರು ನನಗ್ಯಾಕ ಮೂರೂ ಪಾಳಿ ಹಚ್ಚಿದ್ರು?"

ತಂಪು ಜಾಗದಲ್ಲಿಡಿ

ಚಿಕ್ಕಮ್ಮನ ವಯಸ್ಸಿನ ಮ್ಹೈಸಾಳದ ಮಾವಶಿಯೊಬ್ಬರು ಗಂಡನಿಗೆ ಇನ್ಸುಲಿನ್ ಒಯ್ಯುತ್ತಿದ್ದರು. "ಫ್ರಿಜ್‌ನಾಗ ಇಡಬೇಕ್ರಿ. ಫ್ರಿಜ್ ಐತೇನ್ರಿ?" ಎಂದು ಕೇಳಿದ್ದೆ.

"ಐತೇನ ಅಂತೀಯಲ್ಲ! ಕೆಂಪು ಬಣ್ಣದ್ದು, ನನ್ನಷ್ಟ ಎತ್ತರ ಐತಿ!"

ತಿಂಗಳಾದ ಮೇಲೆ ಬಂದು, ಗಂಡನ ಸಕ್ಕರೆ ಇಳಿದೇ ಇಲ್ಲ ಎಂದು ನನ್ನ ಮೇಲೆ ಹರಿಹಾಯ್ದರು. ನನಗೆ ಸಂಶಯ ಬಂತು.

"ಮಾವಶಿ, ಬಾಟಲಿ ತಂಪ ಇರ್ತದೇನ್ರಿ?"

"ತಂಪ್ಯಾಕ ಇರ್ತದ?"

"ಫ್ರಿಜ್ ಚಾಲೂ ಇಲ್ಲೇನ್ರಿ?"

ಮಾವಶಿ ಹುಚ್ಚಿಯನ್ನು ನೋಡಿದಂತೆ ನನ್ನನ್ನು ನೋಡಿದರು. "ಚಾಲೂ ಮಾಡಿದ್ರ ಹಳೇದಾಗೂದಿಲ್ಲೇನ? ಮಗಳ ಲಗ್ನಕ್ಕ ತಂದಿಟ್ಟದ್ದು. ಇನ್ನಾ ಪ್ಲಾಸ್ಟಿಕ್ ಸೈತ ತಗದಿಲ್ಲ!"

ಆ ಬಾಟಲಿ ಎಸೆಯಲು ಹೇಳಿ ಹೊಸದು ಕೊಟ್ಟೆ. ಹಸಿ ಬಟ್ಟೆ ಸುತ್ತಿದ ಮಣ್ಣಿನ ಗಡಿಗೆಯಲ್ಲಿ ಅದನ್ನು ತಂಪಾಗಿಡುವ ರೀತಿ ತೋರಿಸಿದೆ. ಫ್ರಿಜ್ ಇನ್ನೆಷ್ಟು ದಿನ ಹೀಗೇ ನಿಂತಿರುತ್ತದೋ ಎಂದು ಕೇಳಿದೆ: "ಲಗ್ನ ಯಾವಾಗ್ರಿ?"

"ಅವಸರ ಏನೈತಿ? ಈಗಿನ್ನಾ ಆರನೇ ಇಯತ್ತೆ ಸಾಲಿಗೆ ಹೊಂಟಾಳ."

ಓದಲಾಗದ ಚೀಟಿ

ಅಕ್ಷರ ತಿಳಿಯದಿದ್ದರೆ ಊಹಿಸಬಾರದು, ಡಾಕ್ಟರನ್ನೇ ಕೇಳಬೇಕು. ನಮ್ಮ ಮಾಲೀಕರಿಗೆ ಇದು ಅವಮಾನದ ಮಾತು. "ನಾ ಓದಲಾರದಂಥಾ ಅಕ್ಷರ ಮಿರಜ್‌ದಾಗ ಯಾ ಡಾಕ್ಟರೂ ಬರದಿಲ್ಲ" ಎನ್ನುವವರು ಅವರು.

ಒಂದು ದಿನ ಒಬ್ಬ ಗೃಹಸ್ಥರು ಡಾಕ್ಟರ ಹೆಸರು ಅಚ್ಚಾಗಿದ್ದ ಚೀಟಿ ಚಾಚಿ, "ಇದು ಎಲ್ಲಿ ಸಿಗ್ತದ್ರಿ?" ಎಂದರು.

ಮಾಲೀಕರು ಕನ್ನಡಕ ಏರಿಸಿದರು, ಇಳಿಸಿದರು, ಚೀಟಿಯನ್ನು ಬೆಳಕಿಗೆ ಹಿಡಿದರು. "ಹೊಸಾ ಕಂಪನಿ ಮಾಲು. ಸ್ಟಾಕ್ ಇಲ್ಲ. ನಾಳೆ ಸಾಂಗ್ಲಿಯಿಂದ ತರಸ್ತೇನಿ."

"ತರಸ್ತೀರಿ? ಬ್ಯಾಡ್ರಿ, ನಾನ ಹೋಗ್ತೇನಿ."

"ನೀವ್ಯಾಕ ತ್ರಾಸ ತಗೋತೀರಿ? ದಿನಾ ಎಷ್ಟು ಬೇಕು, ಹೇಳ್ರಿ."

ಗೃಹಸ್ಥರು ಕಕ್ಕಾಬಿಕ್ಕಿಯಾದರು. ನಾನು ಮೆಲ್ಲಗೆ ಚೀಟಿ ಎತ್ತಿಕೊಂಡು ಡಾಕ್ಟರಿಗೆ ಫೋನು ಹಚ್ಚಿದೆ. ಆ ಕಡೆಯಿಂದ ನಗು ನಿಲ್ಲಲೊಲ್ಲದು. "ಅವ್ರು ಪೇಶಂಟ್ ಅಲ್ಲವ್ವಾ, ನಮ್ಮ ಬೀಗರು. ಸಿತಾರ ರಿಪೇರಿ ಮಾಡವ್ರ ವಿಳಾಸ ಬರದು ಕೊಟ್ಟೇನಿ!"

ಫೋನಿಟ್ಟು ಮಾಲೀಕರಿಗೆ ಹೇಳಿದೆ. ಮಾಲೀಕರ ಮುಖದ ಒಂದು ಗೆರೆಯೂ ಅಲುಗಲಿಲ್ಲ.

"ನಾ ಹೇಳಿದ್ದೂ ಅದನ್ನ ಅಲ್ಲೇನ? ನಮ್ಮಲ್ಲಿ ಸ್ಟಾಕ್ ಇಲ್ಲಂತ!"

ಸಾಹೇಬರು ಬಂದರು

ನಿದ್ದೆ ಗುಳಗಿಯಂಥ ಔಷಧಿಗಳನ್ನು ಡಾಕ್ಟರ ಚೀಟಿ ಇಲ್ಲದೆ ಕೊಡುವಂತಿಲ್ಲ. ನಾನು ಕೊಡುತ್ತಿರಲಿಲ್ಲ, ಗಿರಾಕಿಗಳು ಬೈದುಕೊಂಡು ಹೋಗುತ್ತಿದ್ದರು. ಕಡೆಗೊಂದು ಸೋಮವಾರ ಮಾಲೀಕರು, "ತಂಗಿ, ಮುಂದಿನ ತಿಂಗಳಿಂದ ನೀ ಬ್ಯಾರೆ ಕಡೆ ನೋಡ್ಕೋ. ನಿನ್ನ ಕಾಯದೆ ಛಲೋ ಐತಿ, ನನ್ನ ಧಂದೆ ಛಲೋ ಇಲ್ಲ" ಎಂದರು. ಮನೆಯಲ್ಲಿ ನನ್ನ ಪಗಾರವೊಂದೇ ಆಧಾರ. ಕಪಾಟಿನ ಹಿಂದೆ ಹೋಗಿ ಅತ್ತೆ.

ಅದೇ ವಾರ ಡ್ರಗ್ ಇನ್‌ಸ್ಪೆಕ್ಟರ್ ಸಾಹೇಬರು ಬಂದರು. ರಜಿಸ್ಟರು ತೆಗೆಸಿದರು, ಖಾನೆ ಖಾನೆ ನೋಡಿದರು. ಮಾಲೀಕರು ಫ್ಯಾನಿನ ಕೆಳಗೇ ಬೆವರುತ್ತಿದ್ದರು. ಆಗಲೇ ಹರಿಪುರದ ಮಾವಶಿಯೊಬ್ಬರು ಒಳಗೆ ಬಂದರು. ಎರಡು ಸಲ ಅವರನ್ನು ನಾನು ಬರಿಗೈಲಿ ಕಳಿಸಿದ್ದೆ.

"ನೀವು ದೊಡ್ಡ ಸಾಹೇಬ್ರೇನ್ರಿ? ಮೊದಲ ಈ ಹುಡುಗಿ ಮ್ಯಾಲ ಕೇಸ್ ಹಾಕ್ರಿ! ಚೀಟಿ ಇಲ್ಲಂತ ಒಂದ ನಿದ್ದಿ ಗುಳಗಿ ಕೊಡಲಿಲ್ಲ. ಕೈ ಮುಗದೆ, ಅತ್ತೆ, ಕೊಡಲಿಲ್ಲ!"

ಸಾಹೇಬರ ಪೆನ್ನು ನಿಂತಿತು. "ಬರೋಬ್ಬರಿ ಮಾಡ್ಯಾಳ" ಎಂದರು.

ಮಾಲೀಕರ ಮುಖ ಅರಳಿತು. "ನಾನ ಕಲಿಸೇನ್ರಿ ಸಾಹೇಬ್ರ! ನಮ್ಮ ಅಂಗಡಿ ರೀತಿನ ಹಂಗ!"

ಮಾವಶಿಗೆ ಇನ್ನೂ ಸಿಟ್ಟೇರಿತು. "ಎಂಥಾ ರೀತಿ! ಆ ಎದರಿನ ಮೆಡಿಕಲ್‌ದಾಂವನ್ನ ನೋಡಿ ಕಲೀರಿ. ಪುಣ್ಯಾತ್ಮ! ಚೀಟಿ ಕೇಳೂದಿಲ್ಲ, ಹೆಸರು ಕೇಳೂದಿಲ್ಲ, ಬೇಡಿದಷ್ಟು ಕೊಡ್ತಾನ!"

ಸಾಹೇಬರು ಪೆನ್ನು ಕಿಸೆಗೆ ಸಿಕ್ಕಿಸಿ ನೆಟ್ಟಗೆ ರಸ್ತೆ ದಾಟಿದರು.

ನಾನು ಹಿಗ್ಗಿ ಮಾಲೀಕರ ಕಡೆ ತಿರುಗಿದೆ. ಅವರು ಸ್ಟೂಲಿನ ಮೇಲೆ ಕುಸಿದು ಕೂತಿದ್ದರು.

"ಪಾರಾದ್ವಲ್ರಿ ಮಾಲೀಕರ!"

"ನೀ ಪಾರಾದಿ ತಂಗಿ. ನಿನ್ನ ನೌಕರಿ ಪಕ್ಕಾ," ಎಂದು ಗಟಗಟ ನೀರು ಕುಡಿದರು. "ಆದ್ರ ನಾ ಮನಿಗೆ ಹೆಂಗ ಹೋಗ್ಲಿ? ಆ ಪುಣ್ಯಾತ್ಮ ನನ್ನ ಹೆಂಡ್ತಿ ತಮ್ಮ!"