ಬಣ್ಣ ಮೆತ್ತಿದ ಪುರಾಣದ ಹಾಳೆ

ನಾನು ಶಾಲೆ ಮೆಟ್ಟಿಲು ಹತ್ತಿದವಳಲ್ಲ. ಅಕ್ಷರ ಕೂಡಿಸಿ ಓದೋದು ಕಲಿತದ್ದೇ ಮೊಮ್ಮಕ್ಕಳ ಜತೆ. ಅಂಥವಳು ಮೊಳಕಾಲ್ಮುರಿನ ಗುಡಿಯಲ್ಲಿ ಪುರಾಣದ ಪಾಠಕ್ಕೆ ಕೂತ ಮೇಲೆ ಒಂದು ವಾರವಾದರೂ ನೆಟ್ಟಗೆ ಕಳೆದಿದ್ದರೆ ಕೇಳಿ.

೧. ಹಾಳೆಯೆಲ್ಲ ಕೆಂಪು

ಪಾಠ ಹೇಳೋ ಟೀಚರಮ್ಮ ಚಳ್ಳಕೆರೆಯಿಂದ ಬಸ್ಸಲ್ಲಿ ಬರ್ತಾರೆ. ಜೆರಾಕ್ಸ್ ಹಾಳೆ ಹಂಚಿ, "ಮುಖ್ಯವಾದ ಮಾತಿಗೆ ಬಣ್ಣ ಹಚ್ಚಿ" ಅಂದರು. ನನಗೋ ಕೂತಲ್ಲಿ ಕೂರೋ ಜಾಯಮಾನವೇ ಇಲ್ಲ. ಅವರು ಒಂದು ಸುತ್ತು ಬರೋದರೊಳಗೆ ಹಾಳೆಯೆಲ್ಲ ಕೆಂಪು.

"ಅಜ್ಜೀ, ಮುಖ್ಯವಾದದ್ದಕ್ಕೆ ಮಾತ್ರ!"

"ದೇವರ ಮಾತಲ್ಲಿ ಮುಖ್ಯ ಅಲ್ಲದ್ದು ಯಾವುದು ಅಂತ ನೀವೇ ತೋರಿಸ್ರಿ ತಾಯಿ. ಪಾಪ ನಿಮಗೇ ಬರಲಿ."

೨. ಒಂಬತ್ತು ಗಂಟು

ಮರುವಾರ, ಮತ್ತೆ ಮತ್ತೆ ಬರೋ ಮಾತು ಹುಡುಕಿ ಅಂದರು. ನನ್ನ ಜತೆ ಪಾಠಕ್ಕೆ ಬರೋ ನಮ್ಮ ವಾರಗಿತ್ತಿ ಪೆನ್ಸಿಲ್ ಮುಟ್ಟಲಿಲ್ಲ. ಮಗ್ಗದವಳಲ್ಲವೇ, ಆ ಮಾತು ಬಂದಾಗಲೆಲ್ಲ ರೇಷ್ಮೆ ಎಳೆಗೆ ಒಂದು ಗಂಟು ಹಾಕಿದಳು.

"ಕೋಪ. ಒಂಬತ್ತು ಗಂಟು."

"ಭೇಷ್! ಅದರಿಂದ ಏನು ತಿಳೀತು?"

"ಬರೆದೋರ ಮನೇಲೂ ನಮ್ಮತ್ತೆಯಂಥೋರು ಒಬ್ಬರು ಇದ್ರು ಅಂತ."

೩. ನನ್ನ ಸರದಿ

ಕೊನೆ ಭಾನುವಾರ ನಾನು ಎಲ್ಲರ ಮುಂದೆ ಒಂದು ಅಧ್ಯಾಯದ ಸಾರ ಹೇಳಬೇಕಿತ್ತು. ಓದಿದವರೆಲ್ಲ ಕೂತಿರ್ತಾರೆ, ತಡವರಿಸಿದರೆ ಮಾನ ಹೋದಂಗೆ. ವಾರವೆಲ್ಲ ಊಟ ಸೇರಲಿಲ್ಲ. ಆಸೆಗೆ ಕೆಂಪು, ಕೋಪಕ್ಕೆ ಹಸಿರು, ಶಾಂತಿಗೆ ಹಳದಿ ಅಂತ ಅಕ್ಷರವೇ ಕಾಣದ ಹಾಗೆ ಬಣ್ಣ ಮೆತ್ತಿ ಉರು ಹೊಡೆದೆ.

ಆ ದಿನ ಬೆಳಿಗ್ಗೆ ನೋಡಿದರೆ ಹಾಳೆ ಇಲ್ಲ! ಮನೆಯೆಲ್ಲ ತಡಕಾಡಿ ಮಗ್ಗದ ಕೋಣೆಗೆ ಓಡಿದೆ. ಗೋಡೆಗೆ ಅಂಟಿಸಿದಾರೆ ನಮ್ಮ ಯಜಮಾನ್ರು. ಸೀರೆಗೆ ಬುಟ್ಟದ ಚಿತ್ತಾರ ನೇಯೋ ಮುಂಚೆ ಅದನ್ನ ಹಾಳೆ ಮೇಲೆ ಬಣ್ಣದಲ್ಲಿ ಬರೆದುಕೊಳ್ಳೋದು ನಮ್ಮಲ್ಲಿ ರೂಢಿ ನೋಡಿ.

"ಈ ಡಿಸೈನ್ ಯಾರು ಕೊಟ್ರೇ? ಬಾಳ ಚೆಂದ ಐತೆ! ಉಳಿದ ನೂಲಲ್ಲಿ ರಾತ್ರಿನೇ ಗೇಣುದ್ದ ನೇಯ್ದು ನೋಡಿದೆ."

"ಅಯ್ಯೋ, ಅದು ಪುರಾಣ ಕಣ್ರೀ!"

ಕಿತ್ತರೆ ಹಾಳೆ ಚೂರುಚೂರು. ಬೇರೆ ದಾರಿ ಕಾಣದೆ ಆ ಬಟ್ಟೆ ತುಂಡನ್ನೇ ಹಿಡಿದು ಗುಡಿಯಲ್ಲಿ ನಿಂತೆ. ಬಣ್ಣ ಬಂದ ಹಾಗೆ ಹೇಳ್ತಾ ಹೋದೆ, ಒಂದು ಕಡೆಯೂ ತಡವರಿಸಲಿಲ್ಲ.

ಟೀಚರಮ್ಮ ತಮ್ಮ ಹಾಳೆ ನೋಡಿದರು. "ಚೆನ್ನಾಗಿ ಹೇಳಿದ್ರಿ ಅಜ್ಜಿ. ಆದರೆ ಇಲ್ಲಿ ಆಸೆ ಐದು ಸಲ ಬರುತ್ತೆ, ನೀವು ಮೂರೇ ಹೇಳಿದ್ರಲ್ಲ?"

"ಇನ್ನೆರಡು ಆಸೆ ನಮ್ಮನೆಯೋರು ಬಿಟ್ಟುಬಿಟ್ಟವ್ರೆ ತಾಯಿ. ಅಷ್ಟೊಂದು ಕೆಂಪು ಇದ್ರೆ ಸೀರೆಗೆ ಗಿರಾಕಿ ಸಿಗಲ್ವಂತೆ."