ಅಪ್ಪನ ರೇಡಿಯೋಕ್ಕೆ ಮೂವರ ಆರೈಕೆ

ಸಮಯ: ಬೆಳಗಿನ ಹತ್ತು ಗಂಟೆ. ಬಿಸಿಲು ಚುರುಕಾಗಿತ್ತು, ಗಾಳಿ ಇರಲಿಲ್ಲ. ಬೆಟಗೇರಿಯ ನನ್ನ ಪಡಸಾಲೆಯಲ್ಲಿ ಹಾಜರಿದ್ದವರು: ನಾನು, ಒಬ್ಬ ವೃದ್ಧ ತಾಯಿ, ಅವರ ಮೂವರು ಗಂಡುಮಕ್ಕಳು, ಮತ್ತು ಮೂಕವಾಗಿದ್ದ ಒಂದು ವಾಲ್ವ್ ರೇಡಿಯೋ. ಶಾಲೆಯಿಂದ ನಿವೃತ್ತನಾದ ಮೇಲೆ ನಾನು ಹಳೆಯ ರೇಡಿಯೋಗಳನ್ನು ದುರಸ್ತಿ ಮಾಡುತ್ತೇನೆ. ಕೆಟ್ಟ ರೇಡಿಯೋ ನನ್ನಲ್ಲಿಗೆ ಬರುವುದು ಅಪರೂಪ. ಕೆಡಿಸಿದ ರೇಡಿಯೋಗಳೇ ಬರುತ್ತವೆ.

ಸ್ಟೇಷನ್ ಹಿಡಿಯುವ ಭಾಗಕ್ಕೆ ಗ್ಯಾಂಗ್ ಎನ್ನುತ್ತಾರೆ. ಗುಂಡಿ ತಿರುವಿದಾಗ ಅದರ ತೆಳು ತಗಡುಗಳು ಒಂದರ ಸಂದಿನಲ್ಲಿ ಇನ್ನೊಂದು, ಮುಟ್ಟದೆ ಸರಿಯಬೇಕು. ನಿಯಮ ಎರಡೇ: ತಗಡು ಒಣಗಿರಬೇಕು, ಅವು ತಿರುಗುವ ಅಚ್ಚಿನ ತುದಿಗೆ ಮಾತ್ರ ಒಂದು ಹನಿ ಎಣ್ಣೆ. ಹುಡುಗರಿಗೆ ಮಗ್ಗಿ ಕಲಿಸಿದ್ದೇನೆ. ದೊಡ್ಡವರಿಗೆ ಇಷ್ಟನ್ನು ಕಲಿಸಲಾಗಿಲ್ಲ.

ತಂದೆ ತೀರಿದ ಮೇಲೆ ಮೂಕವಾಗಿದ್ದ ಆ ರೇಡಿಯೋದ ಮೇಲೆ ಮೂವರಿಗೂ ಕಣ್ಣು. ಮಾತಾಡಿಸಿದವನೇ ಅದನ್ನು ಇಟ್ಟುಕೊಳ್ಳಲಿ ಎಂದು ತಾಯಿ ಹೇಳಿದ್ದರು. ಪ್ರಯತ್ನಗಳು ಹಿರಿತನದ ಪ್ರಕಾರವೇ ನಡೆದವು.

೧. ಗಂಜಿ

ಹಿರಿಯವನು ಇಲ್ಲಿಯೇ ನೇಕಾರ. ತಗಡುಗಳ ಸಾಲು ಅವನಿಗೆ ಮಗ್ಗದ ಹಾಸಿನ ನೂಲುಗಳಂತೆ ಕಂಡಿತು. ಆ ನೂಲಿಗೆ ಗಂಜಿ ಹಚ್ಚುವ ಕುಂಚದಿಂದಲೇ ಗ್ಯಾಂಗಿಗೂ ನೀಟಾಗಿ ಗಂಜಿ ಬಳಿದು ಬಿಸಿಲಿಗಿಟ್ಟ. ಏಕೆಂದು ಆ ಬೆಳಿಗ್ಗೆ ಕೇಳಿದೆ.

"ಸಡ್ಲ ಬಿದ್ದಂಗ ಕಂಡ್ವು ಸರ. ಬಿಗಿ ಮಾಡಿದೆ."

ಬಿಗಿಯಂತೂ ಆಗಿತ್ತು. ಗುಂಡಿ ತಿರುವಲು ಇಕ್ಕಳ ಬೇಕಾಯಿತು.

೨. ಶೇಂಗಾ ಎಣ್ಣೆ

ನಡುವಿನವನದು ಲಕ್ಷ್ಮೇಶ್ವರದಲ್ಲಿ ಎಣ್ಣೆ ಅಂಗಡಿ. ಅಣ್ಣನ ಗಂಜಿ ಮೆತ್ತಗಾಗಲೆಂದು ಶೇಂಗಾ ಎಣ್ಣೆ ಬೆಚ್ಚಗೆ ಮಾಡಿ ಸುರಿದ. ರೇಡಿಯೋ ಹಚ್ಚಿ ಸ್ವಲ್ಪ ಹೊತ್ತಿಗೆ, ಯಾರ ಮನೆಯಲ್ಲಿ ಮಿರ್ಚಿ ಕರಿಯುತ್ತಿದ್ದಾರೆ ಎಂದು ನೆರೆಯವರು ವಿಚಾರಿಸಿದರಂತೆ.

"ಗಾಣದ ಎಣ್ಣಿರಿ ಸರ. ಕಲಬೆರಕಿ ಇಲ್ಲ."

ಕಲಬೆರಕೆ ಎಣ್ಣೆಯಲ್ಲಿ ಇರಲಿಲ್ಲ, ತಲೆಯಲ್ಲಿತ್ತು ಎಂದು ತಿಳಿಸಿದೆ.

೩. ಗ್ರೀಸ್

ಕಿರಿಯವನು ಮುಂಡರಗಿಯಲ್ಲಿ ಪಂಪ್ ರಿಪೇರಿ ಮಾಡುತ್ತಾನೆ. ಗ್ಯಾಂಗಿನೊಳಗೆ ಗ್ರೀಸ್ ಗನ್ ತೂರಿಸಿ ಭರ್ತಿ ಮಾಡಿದ್ದ.

"ಸಿಂಗಟಾಲೂರ ಕಡೆ ಹೊಳಿ ನೀರು ಎತ್ತೋ ಪಂಪ್ ಇದರ ಮ್ಯಾಲೆ ನಡೀತಾವ. ಇದೇನ್ ದೊಡ್ಡದ್ರಿ?"

ರೇಡಿಯೋ ಮಾತಾಡಲಿಲ್ಲ. ಧ್ವನಿ ಬರಬೇಕಾದ ಸ್ಪೀಕರಿನ ಬಟ್ಟೆಯಿಂದ ಗ್ರೀಸ್ ಒಸರಿತು.

೪. ತೀರ್ಪು

ಕೊನೆಗೆ ಎಲ್ಲರೂ ಕೂಡಿ ಅದನ್ನು ನನ್ನ ಮುಂದೆ ಇಟ್ಟರು. ಕಿರಿಯವನ ಗ್ರೀಸ್ ಒರೆಸಿದೆ. ನಡುವಿನವನ ಎಣ್ಣೆಯನ್ನು ಸ್ಪಿರಿಟ್ಟಿನಿಂದ ತೊಳೆದೆ. ಹಿರಿಯವನ ಗಂಜಿಯನ್ನು ಬಿಸಿನೀರಲ್ಲಿ ಅದ್ದಿದ ಕುಂಚದಿಂದ ಬಿಡಿಸಿ, ತಗಡು ಒಣಗಿಸಿದೆ. ಅಚ್ಚಿಗೆ ಒಂದು ಹನಿ ಬಿಟ್ಟು ಗುಂಡಿ ತಿರುವಿದೆ. ಧಾರವಾಡ ಸ್ಪಷ್ಟವಾಗಿ ಕೇಳಿಸಿತು.

ತಕ್ಷಣ ವಾದ ಎದ್ದಿತು. ತಗಡು ಬಾಗದೆ ಉಳಿದದ್ದು ತನ್ನ ಗಂಜಿಯಿಂದ ಎಂದ ಹಿರಿಯವನು. ತುಕ್ಕು ಹಿಡಿಯದಿದ್ದದ್ದು ತನ್ನ ಎಣ್ಣೆಯಿಂದ ಎಂದ ನಡುವಿನವನು. ಗ್ರೀಸ್ ಗುಣ ತೋರಿಸಲು ಸ್ವಲ್ಪ ಕಾಲ ಬೇಕಷ್ಟೇ ಎಂದ ಕಿರಿಯವನು. ನನ್ನ ಕೆಲಸ ಯಾರ ಗಮನಕ್ಕೂ ಬಂದಂತಿರಲಿಲ್ಲ.

ತಾಯಿ ಗೋಡೆ ಹಿಡಿದು ಎದ್ದರು. ರೇಡಿಯೋದ ಧ್ವನಿಯನ್ನೂ ಮೀರಿ ಅವರ ಮೊಣಕಾಲು ಕಟಕಟ ಎಂದವು.

"ಇದಕ್ಕ ಮೂರೂ ಮಂದಿ ಹಚ್ಚಿದ್ದ ಹಚ್ಚಿದ್ದು. ನನ್ನ ಮೊಣಕಾಲು ಎಷ್ಟು ದಿನಾತು ಒದರಾಕ ಹತ್ತಿ, ಒಬ್ಬಾಂವಗೂ ಕೇಳಿಲ್ಲ. ಇವತ್ತಿಂದ ದಿನಾ ಯಾಂವ ಬಂದು ಎಣ್ಣಿ ತಿಕ್ಕತಾನ, ರೇಡಿಯೋ ಅವಂದು. ಗಂಜಿ, ಗ್ರೀಸ್ ತಂದಾಂವಗ ಒದೀತೀನಿ."